ಗಂಜಿ ಕಾಲಿನ ಬೆಕ್ಕು

"ಪ್ರಭುಲಿಂಗರೀ, ನಾಲ್ಕಕ್ಕ ನಿಮ್ಮ ಮನಿಗೆ ಬರ್ತೇನಿ. ಬೆಕ್ಕಿನ ವಿಷಯ ಮಾತಾಡೂದೈತಿ" ಎಂದಷ್ಟೇ ಹೇಳಿ ರೋಹಿಣಿ ಮೇಡಂ ಫೋನ್ ಇಟ್ಟರು.

ಪ್ರಭುಲಿಂಗ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟವನು ಹಾಗೇ ಕಲ್ಲಾಗಿ ಕೂತ. ಮೇಡಂ ಗುಳೇದಗುಡ್ಡದ ಹೊರಗೆ ಅನಾಥ ಪ್ರಾಣಿಗಳ ಆಶ್ರಯ ನಡೆಸುವವರು. ಹತ್ತು ದಿನದ ಹಿಂದೆ ಅವರಿಂದಲೇ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕನ್ನು ದತ್ತು ತಂದಿದ್ದ. 'ಮನೆಯ ಮಗಳಂತೆ ನೋಡಿಕೊಳ್ಳುತ್ತೇನೆ' ಎಂದು ಫಾರ್ಮಿಗೆ ಸಹಿ ಹಾಕುವಾಗ ತನ್ನ ಮದುವೆಯಲ್ಲಿ ಬೆವರಿದ್ದಕ್ಕಿಂತ ಹೆಚ್ಚು ಬೆವರಿದ್ದ. ನಿನ್ನೆ ಅದು ಹೊಸದಾಗಿ ನೇಯ್ದ ಕುಪ್ಪಸದ ಖಣದ ಮೇಲೆ ಮಲಗಿತೆಂದು ಕಸಬರಿಗೆ ಎತ್ತಿ ಗದರಿದ. ಹೊರಗೆ ಓಡಿದ ಆ 'ಮಗಳು' ತಿರುಗಿ ಬಂದಿರಲಿಲ್ಲ.

ಬೆಕ್ಕು ಬರುವ ಮೊದಲು ಇಲಿಗಳು ಮಗ್ಗದ ಮೇಲಿನ ರೇಷ್ಮೆ ಎಳೆಗಳ ಹಾಸನ್ನೇ ಕಡಿದು ಹಾಕಿದ್ದವು. ತುಂಡಾದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತ ಹೆಂಡತಿ ಶೈಲಾಳ ಕಣ್ಣು ಕೆಂಪಾಗಿದ್ದವು. ಬೆಕ್ಕು ಬಂದ ಮೇಲೆ ಒಂದೆಳೆಯೂ ಕಡಿದಿರಲಿಲ್ಲ.

"ತಪ್ಪಿಸ್ಕೊಂಡೈತಿ ಅಂತ ಖರೆ ಹೇಳೂಣ್ರಿ" ಎಂದಳು ಶೈಲಾ.

"ಹೇಳಿದ್ರ ಇನ್ನೊಂದ ಕೊಡ್ತಾರೇನ? ಊರ ತುಂಬ ಮರ್ಯಾದಿ ತಗೀತಾರ!"

ಸುದ್ದಿ ಓಣಿಗೆ ಮುಟ್ಟಲು ತಡವಾಗಲಿಲ್ಲ. ಎದುರುಮನೆಯ ದರ್ಜಿ ಇಬ್ರಾಹಿಂಸಾಬ ಹೊಲಿಗೆ ಬಿಟ್ಟು ಬಂದ. ಪಕ್ಕದ ಮನೆಯ ಸಂಗವ್ವ ತನ್ನ ಬೆಕ್ಕು ಭೀಮನನ್ನು ಕಂಕುಳಲ್ಲಿ ಹೊತ್ತು ಬಂದಳು. ಭೀಮನದೂ ಬೂದು ಬಣ್ಣವೇ. ಮಾಳಿಗೆ, ಹಿತ್ತಲು, ಗಟಾರ ಎಲ್ಲ ಹುಡುಕಿ ಮೂರೂವರೆಯಾಯಿತು. ಇಬ್ರಾಹಿಂಸಾಬ ಭೀಮನನ್ನು ದಿಟ್ಟಿಸಿ ನೋಡಿದ.

"ಲೇ ಪ್ರಭು, ಇದನ್ನ ತೋರಸಿದ್ರ ಯಾರಿಗೆ ಗೊತ್ತಾಗತೈತಿ?"

"ನಮ್ಮದಕ್ಕ ನಾಲ್ಕೂ ಕಾಲು ಬೆಳ್ಳಗಿದ್ದುವು, ಕಾಕಾ."

"ಗಂಜಿ ಐತೆಲ್ಲ!"

ನೂಲಿಗೆ ಹಚ್ಚಲು ಕಾಸಿಟ್ಟ ಬೆಳ್ಳನೆಯ ಮೈದಾ ಗಂಜಿ ಆರಿ ತಣ್ಣಗಾಗಿತ್ತು. ಭೀಮನ ಕಾಲುಗಳನ್ನು ಅದರಲ್ಲಿ ಅದ್ದಿ ಫ್ಯಾನಿನ ಕೆಳಗೆ ಹಿಡಿದರು. ಪ್ರಭುಲಿಂಗನ ಎರಡೂ ಮುಂಗೈ ಪರಚಿಹೋದವು. "ನನ್ನ ಕೂಸಿಗೆ ಏನರ ಆದ್ರ ನೋಡ!" ಎಂದು ಸಂಗವ್ವ ಗದರುತ್ತಲೇ ಇದ್ದಳು. ಶೈಲಾ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ.

ಸರಿಯಾಗಿ ನಾಲ್ಕಕ್ಕೆ ಸ್ಕೂಟಿ ಬಂದು ನಿಂತಿತು.

ರೋಹಿಣಿ ಮೇಡಂ ಒಳಗೆ ಬಂದು ಕೂತು, ಎಲ್ಲರ ಮುಖ ನೋಡಿದರು. "ಬೆಕ್ಕು ಎಲ್ಲೈತ್ರಿ?"

ಪ್ರಭುಲಿಂಗ ಭೀಮನನ್ನು ನೆಲಕ್ಕೆ ಬಿಟ್ಟ. ಗಂಜಿ ಒಣಗಿ ಕಾಲು ಸೆಟೆದಿದ್ದ ಭೀಮ ಪರೇಡಿನ ಪೊಲೀಸಪ್ಪನಂತೆ ನಾಲ್ಕು ಹೆಜ್ಜೆ ಇಟ್ಟು ನಿಂತ.

"ಹತ್ತು ದಿನದಿಂದ ಇಲ್ಲೇ ಐತೇನ್ರಿ?"

"ಹೊಸ್ತಲಾ ದಾಟಿಲ್ರಿ ಮೇಡಂ!" ಪ್ರಭುಲಿಂಗ ಪರಚಿದ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿದ.

"ಖರೆ ಐತ್ರಿ. ಮುಂಜಾನಿ ನಾನ ಕೈಯಾರೆ ಹಾಲ ಕುಡಿಸೇನಿ" ಎಂದ ಇಬ್ರಾಹಿಂಸಾಬ.

ಮೇಡಂ ಬಗ್ಗಿ ಬೆಕ್ಕಿನ ಬಾಲ ಎತ್ತಿ ನೋಡಿದರು. "ನಾ ಹೆಣ್ಣು ಬೆಕ್ಕು ಕೊಟ್ಟಿದ್ದೆ. ಇದು ಗಂಡೈತೆಲ್ಲ?"

ಪ್ರಭುಲಿಂಗ ಇಬ್ರಾಹಿಂಸಾಬನ ಮುಖ ನೋಡಿದ.

"ನಮ್ಮ ಕಡೆ ಬಿಸಲು ಭಾಳ್ರಿ..." ಎಂದು ಇಬ್ರಾಹಿಂಸಾಬ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ ಹೊರಗಿನ ಬಿಸಿಲು ನೋಡತೊಡಗಿದ.

ಮೇಡಂ ಎದ್ದು ಹೋಗಿ ಸ್ಕೂಟಿಯಿಂದ ಮುಚ್ಚಳದ ಬುಟ್ಟಿಯೊಂದನ್ನು ತಂದು ತೆರೆದರು. ಒಳಗೆ ನಾಲ್ಕೂ ಬಿಳಿ ಕಾಲು ಮಡಚಿಕೊಂಡು ಪ್ರಭುಲಿಂಗನ ಬೆಕ್ಕು ಕೂತಿತ್ತು.

"ಮುಂಜಾನಿ ನಮ್ಮ ಗೇಟಿನ ಮುಂದ ಬಂದು ಕುಂತಿತ್ತು. ಪಾಪ, ಹುಡುಕಾಕತ್ತಿರಬೇಕು, ಮುಟ್ಟಿಸಿ ಬರೂಣಂತ ಬಂದೆ. ತಪ್ಪಿಸ್ಕೊಂಡೈತಿ ಅಂತ ಒಂದು ಮಾತು ಹೇಳಿದ್ರ ಕೊಟ್ಟು ಹೋಗ್ತಿದ್ದೆ."

ಪ್ರಭುಲಿಂಗ ಕೈ ಮುಗಿದ. "ತಪ್ಪಾತ್ರಿ..."

"ಇನ್ನ ಮ್ಯಾಲೆ ನಿಮಗ ಬೆಕ್ಕು ಕೊಡಂಗಿಲ್ಲ. ಈ ಗಂಡು ಬೆಕ್ಕಿನ ಕಾಲಿಗೆ ಹಿಂಗ ಮಾಡ್ಯಾರಲ್ಲ, ಯಾರದಿದು?" ಮೇಡಂ ಕಣ್ಣು ಕೆಂಪಗೆ ಮಾಡಿ, ಭೀಮನನ್ನೇ ನೋಡುತ್ತಿದ್ದ ಸಂಗವ್ವನತ್ತ ತಿರುಗಿದರು. "ಪೊಲೀಸರಿಗೆ ಹೇಳಬೇಕಾಗತೈತಿ."

"ಯಪ್ಪಾ, ನಂದಲ್ರಿ! ಇದನ್ನ ನಾ ಕಂಡೇ ಇಲ್ಲ!" ಎಂದಳು ಸಂಗವ್ವ ಗಾಬರಿಯಲ್ಲಿ.

"ಹಂಗಾದ್ರ ಅನಾಥ" ಎಂದು ಮೇಡಂ ಭೀಮನನ್ನೂ ಎತ್ತಿ ಬುಟ್ಟಿಗೆ ಹಾಕಿಕೊಂಡರು.

ಸ್ಕೂಟಿ ಓಣಿ ದಾಟುವಷ್ಟರಲ್ಲಿ ಇಬ್ರಾಹಿಂಸಾಬ ತನ್ನ ಅಂಗಡಿ ಸೇರಿದ್ದ. ಸಂಗವ್ವ ಪ್ರಭುಲಿಂಗನ ಅಂಗಿ ಹಿಡಿದಳು.

"ನನ್ನ ಭೀಮನ್ನ ತಂದ ಕೊಡೋ!"

"ನೀವ ನಂದಲ್ಲ ಅಂದ್ರೆಲ್ಲ, ದೊಡ್ಡವ್ವ!"

"ಅಂಜಿ ಅಂದೆ! ನಾಳೆ ಹೋಗಿ ದತ್ತು ತಗೊಂಡ ಬಾ."

"ನನಗ ಕೊಡಂಗಿಲ್ಲ ಅಂದಾರಲ್ಲ!"

"ಕೊಡೂತನಕಾ ನಾ ಇಲ್ಲಿಂದ ಏಳಂಗಿಲ್ಲ" ಎಂದು ಸಂಗವ್ವ ಅವನ ಹೊಸ್ತಿಲ ಮೇಲೇ ಕೂತುಬಿಟ್ಟಳು.

ಪ್ರಭುಲಿಂಗ ಆಸೆಯಿಂದ ಹೆಂಡತಿಯ ಕಡೆ ನೋಡಿದ. ಶೈಲಾ ಒಳಗೆ ಹೋಗಿ, ಚಾಪೆ ತಲೆದಿಂಬು ತಂದು ಸಂಗವ್ವನಿಗೆ ಹಾಸಿಕೊಟ್ಟಳು.