ಮಿಲಿಟರಿ ಗಾಡಿಗೆ ಲಾರಿ ಇಂಜಿನ್

“ಮೊದ್ಲು ಕೈ ತೊಳ್ಕೊಂಡು ಬಾ.”

ನನ್ನ ಹೆಂಡ್ತಿ ನನಗೆ ಕೊನೆಗೆ ಹೇಳಿದ ಮಾತು ಇದು. ಸೇಲಂ ಆಸ್ಪತ್ರೆ. ಗಾಡಿ ಬಿಚ್ಚುತ್ತಿದ್ದವನು ಹಂಗೇ ಓಡಿದ್ದೆ. ಕೈ ತುಂಬ ಗ್ರೀಸು. ಅವಳ ಕೈ ಹಿಡಿಯೋಕೆ ಹೋದೆ, ಬೈದಳು. ತೊಳ್ಕೊಂಡು ಬಂದೆ. ಅಷ್ಟರಲ್ಲಿ ಅವಳು ಇರಲಿಲ್ಲ.

ಅಳೋ ಹೊತ್ತಲ್ಲೂ ನಗಿಸೋ ಹೆಂಗಸು. ಅವಳು ಹೋದ ಮೇಲೂ ಆ ಗಾಡಿ ಸುತ್ತ ಅಂಥವೇ ನಡೀತಾ ಬಂದವು. ನಾನು ಸುಮ್ಮನಿದ್ದರೂ ಅವು ಸುಮ್ಮನಿರಲ್ಲ.

ಗಾಡಿ ಅಂದರೆ ಹಳೇ ಮಿಲಿಟರಿ ಟ್ರಕ್ಕು. ಹರಾಜಲ್ಲಿ ತಗೊಂಡಿದ್ದು. ನಾವಿರೋದು ಸೇಲಂ ಸೀಮೆ, ಕೊಳತ್ತೂರು ಕಡೆ. ಪಾಲಮಲೆ ಬೆಟ್ಟದ ಮೇಲಿನ ಊರುಗಳಿಗೆ ಲೋಡು ಏರಿಸೋದು ನನ್ನ ಕೆಲಸ. ಗಾಡಿಗಿದ್ದಿದ್ದು ಪೆಟ್ರೋಲ್ ಇಂಜಿನ್. ಕುಡಿಯೋದು ಜಾಸ್ತಿ, ಎಳೆಯೋದು ಕಮ್ಮಿ. ಅರ್ಧ ಬೆಟ್ಟಕ್ಕೇ ಕೈ ಎತ್ತೋದು. ಅದನ್ನ ತೆಗೆದು ದೊಡ್ಡ ಲಾರಿದು ಡೀಸೆಲ್ ಇಂಜಿನ್ ಕೂರಿಸಬೇಕು ಅಂತ ನನ್ನ ಆಸೆ. ಅವಳ ಆಸೆಯೂ.

ನಮಗೊಬ್ಬಳು ಮಗಳು. ಮಲೆ ಮೇಲಿನ ಊರಲ್ಲಿ ನರ್ಸು. ಅವರಮ್ಮನ ಕಾರ್ಯ ಮುಗಿದ ಮೇಲೆ ಎದುರು ಬಂದು ನಿಂತಳು.

“ಅಪ್ಪ, ಊಟ ಇಲ್ಲ, ನಿದ್ದೆ ಇಲ್ಲ. ಗಾಡಿ ಅಡೀಲೇ ಬಿದ್ದಿರ್ತೀಯ. ಪೋದುಂ ಪಾ, ಸಾಕು. ಇದನ್ನ ಗುಜರಿಗೆ ಹಾಕ್ಬುಡ್ತೀನಿ.”

“ಇಂಜಿನ್ ಕೂರಿಸ್ತೀನಿ ಕಣವ್ವ. ಬೆಟ್ಟ ಹತ್ತುತ್ತೆ.”

“ಸರಿ. ಜನ ತುಂಬ್ಕೊಂಡು ಪಾಲಮಲೆ ಹತ್ತಿಸಿ ತೋರ್ಸು. ಹತ್ತಿದ್ರೆ ಇಟ್ಕೋ. ನಡುವೆ ನಿಂತ್ರೆ ಅಲ್ಲಿಂದಲೇ ಗುಜರಿಗೆ.”

ಅವರಮ್ಮನ ಗಂಟಲೇ. ಒಪ್ಪಿದೆ.

ಟೀ ಅಂಗಡಿ ಕಡೆಗೆ

ಸೇಲಂನಲ್ಲಿ ಲಾರಿ ಒಡೆಯೋ ಯಾರ್ಡು. ತೊಪ್ಪೂರು ಘಾಟಲ್ಲಿ ಉರುಳಿದ ಲಾರಿಯೊಂದರ ಇಂಜಿನ್ ಇತ್ತು. ಆನೆಮರಿ ಥರ. ನೋಡಿದ ಕೂಡಲೇ ಮನಸೋತೆ. ತೋರಿಸಿಕೊಳ್ಳಲಿಲ್ಲ.

“ಓಡಿಸಿ ತೋರ್ಸು” ಅಂದೆ.

ಯಾರ್ಡಿನವನು ಇಂಜಿನ್ನನ್ನ ಎರಡು ಹಳೇ ಟೈರ್ ಮೇಲೆ ಕೂರಿಸಿದ. ಕ್ಯಾನಿಂದ ಡೀಸೆಲ್ ಟ್ಯೂಬ್ ಕೊಟ್ಟ. ಬ್ಯಾಟರಿ ಮುಟ್ಟಿಸಿದ. ಹತ್ಕೊಂಡಿತು ನೋಡಿ! ನೆಲ ನಡುಗಿತು. ಏನು ಸದ್ದು ಅಂತೀರಿ! ಎಷ್ಟೋ ದಿನದ ಮೇಲೆ ನನ್ನ ಮುಖದಲ್ಲಿ ನಗು ಬಂತು.

ಅವನು ವೇಗ ಇನ್ನೂ ಸ್ವಲ್ಪ ಏರಿಸಿದ. ಇಂಜಿನ್ ಟೈರ್ ಸಮೇತ ಕುಣಿಯೋಕೆ ಶುರು ಮಾಡಿತು. ಕುಣೀತಾ ಕುಣೀತಾ ಹೊರಟಿತು. ಎದುರಿಗೆ ಟೀ ಅಂಗಡಿ. ಬೆಂಚಿನ ಮೇಲಿದ್ದವರು ಗ್ಲಾಸು ಎತ್ತಿ ಹಿಡಿದು ಕಾಲು ಮೇಲಕ್ಕೆ ತಗೊಂಡರು. ಯಾರೂ ಎದ್ದು ಓಡಲಿಲ್ಲ. ಟೀ ಚೆಲ್ಲುತ್ತಲ್ಲ! ಯಾರ್ಡಿನವನು ಹಿಂದೆ ಓಡಿ ಟ್ಯೂಬ್ ಕಿತ್ತ. ಬೆಂಚಿಗೆ ಒಂದು ಗೇಣು ಇರುವಾಗ ನಿಂತಿತು.

ಅವನು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ. “ಪಾತ್ತೀಂಗಳಾ ಅಣ್ಣಾ, ನೋಡಿದ್ರಾ? ಇದಕ್ಕೆ ಗಾಡಿ ಯಾಕೆ? ತಾನೇ ಓಗ್ತದೆ!”

ನೂಲು

ಇಂಜಿನ್ ನೇರ ಕೂರಬೇಕು. ಒಂದಿಷ್ಟು ವಾರೆ ಆದರೂ ಹಿಂದಕ್ಕೆ ಹೋಗೋ ಶಾಫ್ಟು ಮುರಿಯುತ್ತೆ. ನನಗೆ ಈಗ ಕಣ್ಣು ಮಂಜು. ಸೇಲಂನಿಂದ ಬಾಮೈದನನ್ನ ಕರೆಸಿದೆ. ನನ್ನ ಹೆಂಡ್ತಿ ತಮ್ಮ. ಕೈಮಗ್ಗದವನು. ಗಾಡಿ ಕೆಲಸ ಗೊತ್ತಿಲ್ಲ, ಗೆರೆ ಗೊತ್ತು.

ಚೈನ್ ಬ್ಲಾಕಲ್ಲಿ ಇಂಜಿನ್ ನೇತಾಡ್ತಿತ್ತು. ಬಾಮೈದ ಮಗ್ಗದ ನೂಲು ತಂದಿದ್ದ. ಮುಂದಿನಿಂದ ಹಿಂದಕ್ಕೆ, ಅಡ್ಡಕ್ಕೆ, ಕೆಳಕ್ಕೆ ಎಳೆದು ಕಟ್ಟಿದ. ಗಾಡಿ ಒಳಗೆ ಒಂದು ಸೀರೆ ನೇಯ್ದುಬಿಡ್ತಾನೆ ಅನ್ನಿಸ್ತು. ಒಂದು ಕಣ್ಣು ಮುಚ್ಚಿ ನೋಡಿ ಕೂಗಿದ.

“ಬಾವ, ಎಡಕ್ಕೆ. ಇನ್ನೊಂದು ಎಳೆಯಷ್ಟು. ಆ! ಬುಡು!”

ಬಿಟ್ಟೆ. ಬೋಲ್ಟು ಎಲ್ಲಾ ಬೆಣ್ಣೇಲಿ ಇಳಿದಂಗೆ ಇಳಿದವು. ಇಬ್ಬರೂ ಕುಣಿದಾಡಿದೆವು.

“ಸರಿ, ನೂಲು ಕತ್ತರಿಸು” ಅಂದೆ.

ಅವನ ಮುಖ ಇಳಿಯಿತು. “ಕತ್ತರಿಸೋದಾ? ಎಳೆದಿರೋ ನೂಲಿಗೆ ಕತ್ತರಿ ಆಕ್ತಾರಾ ಬಾವ? ನಮ್ಮ ಮನೇಲಿ ಕೇಳಿದ್ರೆ ಕೈ ಮುರೀತಾರೆ.”

ಒಂದೊಂದೇ ಗಂಟು ಬಿಚ್ಚೋಕೆ ಕೂತ. ಇಂಜಿನ್ ಕೂರಿಸಿದ್ದು ಅರ್ಧ ಗಂಟೆ. ನೂಲು ಬಿಚ್ಚಿದ್ದು ಎರಡು ದಿನ.

ತಲೆ

ಹೊಸ ಇಂಜಿನ್ನಿನ ಭಾರಕ್ಕೆ ಗಾಡಿ ಮೂತಿ ಕೆಳಗೆ ಇಳಿಯಿತು. ಹಿಂದೆ ಎತ್ತರ, ಮುಂದೆ ತಗ್ಗು. ಪಕ್ಕದ ಮನೆ ಅಜ್ಜಿ ದಿನಾ ಹಾಲಿಗೆ ಹೋಗುವಾಗ ನಿಂತು ನೋಡೋಳು.

“ಪಾಪ, ನಿನ್ನ ಎಂಡ್ರು ಓದ್ಮೇಲೆ ಗಾಡೀನೂ ತಲೆ ತಗ್ಗಿಸ್ಬುಟ್ಟೈತೆ ಕಣಪ್ಪ.”

ನಾನು ಸ್ಪ್ಯಾನರ್ ತಗೊಂಡು ಗಾಡಿ ಅಡಿ ತೂರಿದೆ.

ಆಮೇಲೆ ಮುಂದಿನ ಸ್ಪ್ರಿಂಗಿಗೆ ಪ್ಲೇಟು ಸೇರಿಸಿದೆ. ಬೇಕಾದ್ದಕ್ಕಿಂತ ಒಂದು ಜಾಸ್ತಿ ಆಯ್ತು. ಮೂತಿ ಆಕಾಶ ನೋಡಿತು. ಬೆಳಿಗ್ಗೆ ಅಜ್ಜಿ ಬಂದಳು. ಹಾಲಿನ ಚೊಂಬು ಕೆಳಗಿಟ್ಟಳು. ಗಾಡಿನ ನೋಡಿದಳು, ನನ್ನ ನೋಡಿದಳು.

“ಇದೇನ್ಲಾ, ಇಷ್ಟು ಬೇಗ ತಲೆ ಎತ್ತಿತು? ಎರಡನೇ ಮದ್ವೆ ಏನಾರ ಗೊತ್ತಾಗೈತಾ ಇದಕ್ಕೆ?”

ನಿಂಬೆಹಣ್ಣು

ಮೊದಲ ಸಲ ಗಾಡಿ ಓಡಿಸೋ ದಿನ. ಬಾಮೈದ ಮುಂದಿನ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟ. ಕರ್ಪೂರ ಹಚ್ಚಿದ. ಬೀದಿಯೋರೆಲ್ಲ ಸೇರಿದ್ದರು. ಮಗಳು ಕೈ ಕಟ್ಟಿಕೊಂಡು ನಿಂತಿದ್ದಳು.

ಗೇರ್ ಬಾಕ್ಸೂ ಲಾರಿದೇ ಹಾಕಿದ್ದೆ. ಮಿಲಿಟರಿ ಗಾಡಿಲಿ ಒಂದನೇ ಗೇರ್ ಇದ್ದ ಜಾಗದಲ್ಲಿ ಲಾರಿಗೆ ರಿವರ್ಸ್. ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಗುಡುಗಿ ಹಿಂದಕ್ಕೆ ನುಗ್ಗಿತು. ಬಚ್ಚಲಮನೆ ಗೋಡೆ ಒಂದೇ ಏಟಿಗೆ ಮಲಗಿತು. ನಿಂಬೆಹಣ್ಣು ಮುಂದೆ ಹಂಗೇ ಇದ್ದವು, ಹೊಳೀತಾ.

ಮಗಳು ಕೇಳಿದಳು. “ಬೆಟ್ಟಾನೂ ಇಂಗೇ ಹತ್ತಿಸ್ತೀಯಾ ಅಪ್ಪ?”

ಬಾಮೈದ ನಿಂಬೆಹಣ್ಣು ಎತ್ಕೊಂಡ. ಒಂದು ಮುಂದೆ ಇಟ್ಟ, ಒಂದು ಹಿಂದೆ ಇಟ್ಟ. “ಈಗ ಯಾವ ಕಡೆ ಬೇಕಾದ್ರೂ ಓಗು ಬಾವ.”

ಬಂಡೆ ತಿರುವು

ಬೆಟ್ಟ ಹತ್ತುವ ದಿನ ಬಂತು. ಗುಜರಿಯವನಿಗೆ ಮಗಳು ಆಗಲೇ ಹೇಳಿಟ್ಟಿದ್ದಳು. ಗಾಡಿ ಹಿಂದೆ ಮಲೆ ಜನ ತುಂಬಿದರು. ಅಕ್ಕಿ ಮೂಟೆ, ಒಂದು ಮೇಕೆ, ಬಾಮೈದ. ಮಗಳು ಕೂಡ ಹಿಂದೆಯೇ ಹತ್ತಿದಳು. “ಜನದ ಜೊತೆ ಕೂತು ನೋಡ್ತೀನಿ” ಅಂದಳು.

ಅರ್ಧ ದಾರೀಲಿ ಒಂದು ದೊಡ್ಡ ಬಂಡೆ ತಿರುವು. ಕಡಿದಾದ ಏರು. ದಿನಾ ಹೋಗೋ ಜೀಪುಗಳು ಅಲ್ಲಿ ಉಸಿರು ಬಿಡ್ತವೆ. ಜನ ಇಳಿದು ತಳ್ತಾರೆ. ವರ್ಷಾನುಗಟ್ಟಲೆ ಹಿಂಗೇ.

ತಿರುವು ಬಂತು. ಒಂದನೇ ಗೇರ್ ಹಾಕಿದೆ. ಈ ಸಲ ಸರಿಯಾದ್ದೇ. ಇಂಜಿನ್ ಘರ್ಜಿಸಿತು. ಅಯ್ಯೋ, ಏನು ಎಳೆತ! ಎಲ್ಲೂ ತಡವರಿಸಲಿಲ್ಲ. ಕಲ್ಲು ಸಿಡೀತಾ ಇತ್ತು. ನಾನು ಕೂಗ್ತಾ ಇದ್ದೆ. ನಿಲ್ಲಿಸದೆ ಮೇಲಿನ ಊರು ತನಕ ಹೊಡೆದೆ.

ಎದೆ ಉಬ್ಬಿಸಿಕೊಂಡು ಇಳಿದು ಹಿಂದೆ ಹೋದೆ. ಒಳಗೆ ಮೇಕೆ ಇತ್ತು. ಬಾಮೈದ ಇದ್ದ.

“ಜನ ಎಲ್ಲಲಾ?”

“ಆ ತಿರುವಲ್ಲಿ ಎಲ್ಲಾ ಎಗರಿ ಇಳ್ಕೊಂಡ್ರು ಬಾವ. ಅವರೂರು ಬಂತೇನೋ ಅಂದ್ಕೊಂಡೆ.”

ಗಾಡಿಗೆ ಕನ್ನಡಿ ಇನ್ನೂ ಹಾಕಿರಲಿಲ್ಲ, ನಾನು ತಿರುಗಿಯೂ ನೋಡಿರಲಿಲ್ಲ. ಸದ್ದಲ್ಲಿ ಕೂಗಿದ್ದೂ ಕೇಳಿರಲಿಲ್ಲ. ತುಂಬಾ ಹೊತ್ತಾದ ಮೇಲೆ ಒಬ್ಬೊಬ್ಬರೇ ಏದುಸಿರು ಬಿಡ್ತಾ ಬಂದರು. ಮುಂದಿದ್ದ ಮುದುಕಿ ನನ್ನ ಬೈದಳು.

“ತಳ್ಳೋಕೆ ಅಂತ ಇಳಿದ್ರೆ, ಕೈ ಇಡೋಕ್ಕೆ ಮುಂಚೇನೇ ಓಡೋದ್ಯಲ್ಲಪ್ಪ! ಅಷ್ಟೇನು ಅವಸರ?”

ಎಲ್ಲರ ಹಿಂದೆ ನನ್ನ ಮಗಳು. ಚಪ್ಪಲಿ ಕೈಯಲ್ಲಿ.

“ನೀನೂ ಇಳಿದ್ಯಾ?”

“ವಾರವಾರ ಜೀಪಲ್ಲಿ ಬರೋಳು ನಾನು. ಆ ತಿರುವು ಬಂದ್ರೆ ಕಾಲು ತಾನಾಗೇ ಇಳೀತದೆ.”

“ಗಾಡಿ ಹತ್ತಿತಲ್ಲ?”

“ಜನ ತುಂಬ್ಕೊಂಡು ಅಂದಿದ್ದೆ. ಒಂದು ಮೇಕೆ, ಒಬ್ಬ ಮಾಮ. ಸೆಲ್ಲಾದು.” ಲೆಕ್ಕಕ್ಕಿಲ್ಲ ಅಂತ.

ಅಲ್ಲೇ ಮಲಗಿದೆವು. ಮಾರನೇ ದಿನ ಬೆಳಿಗ್ಗೆ ಎಲ್ಲರನ್ನೂ ಮತ್ತೆ ತುಂಬಿಸಿಕೊಂಡು ತಿರುವಿನ ಕೆಳಕ್ಕೆ ಇಳಿದೆ. ಗಾಡಿ ತಿರುಗಿಸಿದೆ. ಹಿಂದಿನ ಬಾಗಿಲು ಹಾಕಿ, ಕೊಂಡಿ ಸಿಕ್ಕಿಸಿ, ಮೇಲೆ ಹಗ್ಗವನ್ನೂ ಬಿಗಿದೆ. “ಯಾರೂ ಇಳಿಯಂಗಿಲ್ಲ” ಅಂದೆ. ಎಲ್ಲರೂ ತಲೆ ಆಡಿಸಿದರು.

ತಿರುವು ಬಂತು. ಇಂಜಿನ್ ಎಳೀತು. ಅಷ್ಟರಲ್ಲಿ ಬೆನ್ನ ಹಿಂದೆ ಧಡಧಡ. ಕ್ಯಾಬಿನ್ನಿನ ಹಿಂದಿನ ಕಿಂಡೀಲಿ ಇಣುಕಿದೆ. ಎಲ್ಲರೂ ಎದ್ದು ನಿಂತು ಕ್ಯಾಬಿನ್ ಗೋಡೆಗೆ ಕೈ ಕೊಟ್ಟು “ಐಲಸಾ! ಐಲಸಾ!” ಅಂತ ಒಳಗಿಂದಲೇ ತಳ್ತಾ ಇದ್ದರು. ಎಲ್ಲರಿಗಿಂತ ಮುಂದೆ ನನ್ನ ಮಗಳು. ಹಲ್ಲು ಕಚ್ಚಿಕೊಂಡು ತಳ್ತಿದ್ದಳು.

ಮೇಲೆ ಹೋಗಿ ಹಗ್ಗ ಬಿಚ್ಚಿದೆ. ಎಲ್ಲರಿಗೂ ಬೆವರು. ಮಗಳು ಸೆರಗಲ್ಲಿ ಮುಖ ಒರೆಸಿಕೊಂಡು ಇಳಿದಳು. ಬಾನೆಟ್ಟು ಮುಟ್ಟಿ ನೋಡಿದಳು.

“ಗುಜರಿಯವನಿಗೆ ಬೇಡ ಅನ್ನು” ಅಂದಳು. “ಆದ್ರೆ ಒಂದು ಹೇಳ್ತೀನಿ ಅಪ್ಪ, ನಾನು ತಳ್ಳಿದ್ದಕ್ಕೇ ಇದು ಹತ್ತಿದ್ದು. ಇನ್ಮೇಲೆ ನನ್ನ ಬುಟ್ಟು ಒಬ್ನೇ ಗಾಡಿ ತಗೊಂಡು ಓಗಬೇಡ.”