ಥಾನುವಿನ ತಪಾಸಣೆ

ಮೂವತ್ತೊಂದು ವರ್ಷ ಜವಳಿ ಗಿರಣಿಯಲ್ಲಿ ಬಟ್ಟೆಯ ದೋಷ ಹುಡುಕಿ ನಿವೃತ್ತರಾದ ತಪಾಸಕರ ಕಣ್ಣಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅವರಿಗಂತೂ ಇರಲೇ ಇಲ್ಲ. ದೀಪದ ಮೇಜಿನ ಮೇಲೆ ಓಡುವ ಬಟ್ಟೆಯಲ್ಲಿ ಒಂದೇ ಒಂದು ಎಳೆ ತಪ್ಪಿದ್ದರೂ ಅವರ ಸೀಮೆಸುಣ್ಣ ತಾನಾಗಿ ಹೋಗಿ ಅದರ ಸುತ್ತ ವೃತ್ತ ಬರೆಯುತ್ತಿತ್ತು. (ಒಮ್ಮೆ ನೆಂಟರ ಮನೆಯ ಪರದೆಯ ಮೇಲೂ ಬರೆದಿದ್ದರು. ಆ ನೆಂಟರು ಮತ್ತೆ ಕರೆದಿಲ್ಲ.)

ಸುತ್ತಿಕೊಂಡು ಮಲಗಿದರೆ ಕಂದು ಬಟ್ಟೆಯ ಸುರುಳಿಯ, ಗಿರಣಿಯ ಮಾತಲ್ಲಿ ಥಾನಿನ, ಹಾಗೆಯೇ ಕಾಣುತ್ತಿದ್ದ ಮನೆಯ ನಾಯಿಗೆ ಥಾನು ಎಂದು ಹೆಸರಿಟ್ಟವರೂ ಅವರೇ. ಆ ಥಾನು ಕಿವಿಯ ಹಿಂದೆ ಪರಪರ ಕೆರೆದುಕೊಳ್ಳತೊಡಗಿದಾಗ ಹೆಂಡತಿ, "ಡಾಕ್ಟರ ಹತ್ರ ತೋರಿಸೋಣ ರೀ" ಅಂದದ್ದು ಅವರಿಗೆ ನೇರ ಅವಮಾನವಾಗಿ ಕೇಳಿಸಿತು.

"ಮನೇಲಿ ನಾನಿರೋವಾಗ ಡಾಕ್ಟರ್ ಯಾಕೆ?"

"ನೀವು ಬಟ್ಟೆ ನೋಡ್ದೋರು. ಇದು ಚರ್ಮ."

"ಎಲ್ಲಾ ಒಂದೇ ಕಣೇ. ನೋಡೋ ಕಣ್ಣಿರಬೇಕು."

ಗಿರಣಿಯ ನಿಯಮ ಸರಳ. ಸಣ್ಣ ದೋಷಕ್ಕೆ ಒಂದು ಅಂಕ, ದೊಡ್ಡದಕ್ಕೆ ನಾಲ್ಕು. ಒಟ್ಟು ನಲವತ್ತು ದಾಟಿದರೆ ಮಾತ್ರ ಮಾಲು ತಿರಸ್ಕೃತ. ತಪಾಸಕರು ಅಂಗಿಯ ತೋಳು ಮಡಚಿ, ಥಾನುವನ್ನು ಕಿಟಕಿಯ ಬಳಿ ತೊಡೆಯ ಮೇಲೆ ಹಾಕಿಕೊಂಡು, ಬೆರಳತುದಿಯಿಂದ ಇಂಚಿಂಚೂ ಸವರಿ ನೋಡಿದರು. ಸೀಮೆಸುಣ್ಣದ ವೃತ್ತಗಳನ್ನು ಥಾನು ನೆಕ್ಕಿಬಿಟ್ಟದ್ದರಿಂದ ಕಾಗದದ ಮೇಲೆ ನಾಯಿಯ ನಕ್ಷೆಯನ್ನೇ ಬರೆದು, ತಾರೀಖಿನ ಸಮೇತ ಗುರುತು ಹಾಕಿದರು. ಒಟ್ಟು ಏಳು ಅಂಕ.

"ಪಾಸು!" ಎಂದು ಘೋಷಿಸಿದರು.

ನಾಲ್ಕನೇ ದಿನ ಹದಿನಾರಾಯಿತು.

"ಕೂದಲು ಉದುರಿ ಬೋಳಾಗ್ತಿದೆ, ಹೊಟ್ಟು ಬೀಳ್ತಿದೆ, ಪಾಪ ನೆಟ್ಟಗೆ ನಿದ್ದೇನೂ ಮಾಡಲ್ಲ. ಇನ್ನೇನಾಗ್ಬೇಕು ನಿಮ್ಗೆ?"

"ನಲವತ್ತು."

ಒಂಬತ್ತನೇ ದಿನ ಮೂವತ್ತೆಂಟು. ಅಂದು ಥಾನು ತಟ್ಟೆಯನ್ನು ಮೂಸಿ, ಮುಖ ತಿರುಗಿಸಿ ಹೋಗಿ ಮಲಗಿತು. ಹೆಂಡತಿ ಸರಪಳಿ ಕೈಗೆತ್ತಿಕೊಂಡರು. "ಊಟ ಬಿಟ್ಟಿದೆ. ನಿಮ್ಮ ಗಿರಣೀಲಿ ಅದಕ್ಕೆಷ್ಟು ಅಂಕ?"

ಗಿರಣಿಯಲ್ಲಿ ಯಾವ ಬಟ್ಟೆಯೂ ಊಟ ಬಿಟ್ಟದ್ದಿಲ್ಲ. ತಪಾಸಕರು ಎದ್ದು ಚಪ್ಪಲಿ ಮೆಟ್ಟಿದರು. ಆದರೂ ಹೊರಡುವಾಗ ನಕ್ಷೆಯನ್ನು ಕಂಕುಳಲ್ಲಿ ಇರುಕಿಕೊಳ್ಳಲು ಮರೆಯಲಿಲ್ಲ.

ಪಶುವೈದ್ಯೆ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಹುಳುಕಡ್ಡಿ. ವಾಸಿಯಾಗುತ್ತೆ, ಆದ್ರೆ ತುಂಬಾ ಹರಡಿದೆ." ಆಮೇಲೆ ನಕ್ಷೆಯ ಮೇಲೆ ಅವರ ಕಣ್ಣು ಬಿತ್ತು. "ಇದು ಯಾರು ಬರೆದದ್ದು?"

ತಪಾಸಕರು ಎದೆಯುಬ್ಬಿಸಿ, ಗಿರಣಿಯಿಂದ ಶುರುಮಾಡಿ ಅಂಕಪದ್ಧತಿಯನ್ನು ಸವಿಸ್ತಾರವಾಗಿ ವಿವರಿಸಿದರು.

"ಇಷ್ಟು ಅಚ್ಚುಕಟ್ಟಾದ ದಾಖಲೆ ನಾನು ನೋಡೇ ಇಲ್ಲ," ಎಂದರು ವೈದ್ಯೆ. ತಪಾಸಕರು ಹೆಂಡತಿಯ ಕಡೆ ಒಂದು ನೋಟ ಬೀರಿದರು. "ನಾಲ್ಕೇ ದಿನಕ್ಕೆ ಎರಡರಷ್ಟು ಅಂತ ನೀವೇ ಬರ್ದಿದೀರಿ. ಆವತ್ತೇ ಬರ್ಬೇಕಿತ್ತು. ಬಟ್ಟೇಲಿರೋ ತೂತು ಇದ್ದಷ್ಟೇ ಇರುತ್ತೆ ಸರ್, ಇದು ಬೆಳೆಯುತ್ತೆ. ಅಂದಹಾಗೆ, ಕೈಗವಸು ಹಾಕ್ಕೊಂಡೇ ತಾನೆ ಮುಟ್ಟಿದ್ದು?"

"ಛೆ! ಹಾಗಾದ್ರೆ ಬೆರಳಿಗೆ ತಿಳಿಯೋದು ಹೇಗೆ?"

"ಅಂಗಿ ತೋಳು ಸ್ವಲ್ಪ ಮೇಲೆತ್ತಿ."

ಈ ಸೆಕೆಯಲ್ಲೂ ಗಂಡ ಮೂರು ದಿನದಿಂದ ತುಂಬುತೋಳಿನ ಅಂಗಿ ಯಾಕೆ ಹಾಕುತ್ತಿದ್ದಾರೆಂಬುದು ಹೆಂಡತಿಗೆ ಆಗ ತಿಳಿಯಿತು. ಮೊಣಕೈಯ ಮಡಿಕೆಯಲ್ಲಿ ಎರಡು ಕೆಂಪು ಬಳೆಗಳಿದ್ದವು.

"ಒಂದೊಂದೇ ಅಂಕದ್ದು," ಎಂದು ಗೊಣಗಿದರು ತಪಾಸಕರು.

"ಇನ್ನೂ ಎಲ್ಲೆಲ್ಲಿದೆ ಹೇಳ್ರೀ!"

"ಹೊಟ್ಟೆ ಮೇಲೆ... ಭುಜದ ಮೇಲೂ... ಅವು ಸ್ವಲ್ಪ ದೊಡ್ಡವು."

ವೈದ್ಯೆ ನಕ್ಷೆಯನ್ನು ತಾವೇ ಇಟ್ಟುಕೊಂಡು, ಅವರನ್ನು ಮನುಷ್ಯರ ಚರ್ಮವೈದ್ಯರ ಬಳಿಗೆ ಕಳಿಸಿದರು.

ಮೂರು ವಾರ ಕಳೆದು, ಹೊಸ ಕೂದಲಿನ ಥಾನುವಿನೊಂದಿಗೆ ಮರಳಿ ಬಂದಾಗ, ಕಾಯುವ ಕೋಣೆಯ ಗೋಡೆಯ ಮೇಲೆ ನಾಯಿಯ ನಕ್ಷೆ ಚೌಕಟ್ಟಿನೊಳಗೆ ತೂಗುತ್ತಿತ್ತು. ತಪಾಸಕರು ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತವರನ್ನು ತಟ್ಟಿ, "ಅದು ನಂದು," ಎಂದರು.

ಅವರು ನೋಡಿದರು. "ಪಕ್ಕದ್ದೂ ನೀವೇನಾ?"

ಪಕ್ಕದಲ್ಲಿ ಇನ್ನೊಂದು ಚೌಕಟ್ಟಿತ್ತು. ಒಳಗೆ ಒಬ್ಬ ಗಂಡಸಿನ ನಕ್ಷೆ. ಹೊಟ್ಟೆಗೆ ಕಿಂಚಿತ್ತೂ ರಿಯಾಯಿತಿ ತೋರಿಸಿರಲಿಲ್ಲ, ಮೈತುಂಬ ವೃತ್ತಗಳು, ತಾರೀಖಿನ ಸಮೇತ. ಅಕ್ಷರ ಹೆಂಡತಿಯದು; ಥಾನುವಿನ ಔಷಧಿಗೆಂದು ಬಂದಾಗ ಕೊಟ್ಟುಹೋಗಿದ್ದರು. ಬೆಕ್ಕಿನವರು ಬುಟ್ಟಿ ಎತ್ತಿಕೊಂಡು ಕೋಣೆಯ ಆ ತುದಿಗೆ ಹೋಗಿ ಕುಳಿತರು.

ತಪಾಸಕರು ಎದ್ದು ಹೋಗಿ, ಮೂಗು ತಾಗುವಷ್ಟು ಹತ್ತಿರದಿಂದ ಪರೀಕ್ಷಿಸಿದರು. ಒಂದು ವೃತ್ತವೂ ತಪ್ಪಿರಲಿಲ್ಲ. ಶಿಷ್ಯೆಯ ಬಗ್ಗೆ ಅವರಿಗೆ ಹೆಮ್ಮೆಯೇ ಆಯಿತು. ಕೆಳಗೆ ನಲವತ್ತೊಂದು ಎಂದು ಬರೆದದ್ದು ಮಾತ್ರ ಹಿಡಿಸಲಿಲ್ಲ.

"ಲೆಕ್ಕ ತಪ್ಪಿದೆ ಕಣೇ. ಎಲ್ಲಾ ಕೂಡಿದ್ರೂ ಮೂವತ್ತೇಳೇ. ನಾನೂ ಪಾಸು."

"ತಪ್ಪಿಲ್ಲ ರೀ," ಎಂದರು ಹೆಂಡತಿ, ಥಾನುವಿನ ಕಿವಿ ನೇವರಿಸುತ್ತ. "ಹೊಟ್ಟೆಗೇ ಬೇರೆ ನಾಲ್ಕು ಹಾಕಿದೀನಿ."