ಮತಪೆಟ್ಟಿಗೆಯ ಮುಂದೆ ಕೂತವನ ಇತಿಹಾಸ

ಚುನಾವಣೆ ಬಂತೆಂದರೆ ಏನಾದರೊಂದು ಆಗದೆ ಹೋಗುವುದಿಲ್ಲ. ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಯಾವ ಸಲ ಯಾರು ಗೆದ್ದರು, ಯಾರ ಠೇವಣಿ ಹೋಯಿತು ಎಂಬುದೆಲ್ಲ ಸರಕಾರದ ಕಡತಗಳಲ್ಲಿ ಸಿಗುತ್ತದೆ. ಮತಪೆಟ್ಟಿಗೆಯ ಮುಂದೆ ಏನಾಯಿತು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ನಾನು ಬಾಗಲಕೋಟೆಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ಮಾಸ್ತರ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಪ್ರತಿ ಚುನಾವಣೆಗೂ ನನ್ನ ಹೆಸರಿಗೆ ತಪ್ಪದೆ ಆರ್ಡರು ಬರುತ್ತಿತ್ತು. ಕೆಲಸ ಪ್ರಿಸೈಡಿಂಗ್ ಆಫೀಸರನದು. ಅಂದರೆ ಒಂದು ದಿನದ ಮಟ್ಟಿಗೆ ಆ ಮತಗಟ್ಟೆಯ ಯಜಮಾನ. ಏನು ಕೆಟ್ಟರೂ ಅವನ ತಲೆಗೇ ಬರುತ್ತದೆ.

ಬಾದಾಮಿಯ ಟಿಕೀಟು

ಬಾದಾಮಿಯಲ್ಲಿ ಗುಡ್ಡದ ಗುಹೆಗಳಿಗೆ ಹೋಗುವ ಹಾದಿಯ ಶಾಲೆಯಲ್ಲಿ ನನ್ನ ಮತಗಟ್ಟೆ ಇತ್ತು. ಬೆಳಗಿನಿಂದಲೇ ಒಬ್ಬರ ಹಿಂದೊಬ್ಬರು ನಿಂತ ಉದ್ದ ಪಾಳಿ. ಬೆರಳಿಗೆ ಶಾಯಿ ಹಚ್ಚಲು ಕೂತಿದ್ದ ಗುಮಾಸ್ತರು ಭಾಳ ಚುರುಕಿನ ಮನುಷ್ಯ. ಕೆಲಸ ಬೇಗ ಸಾಗಲಿ ಎಂದು ಶಾಯಿ ಬಾಟಲಿ ಹಿಡಿದು ತಾವೇ ಪಾಳಿಯ ಉದ್ದಕ್ಕೂ ಹೋಗಿ, ಮುಖ ನೋಡದೆ ಬರೀ ಕೈ ನೋಡುತ್ತ ಹಚ್ಚಿಬಿಟ್ಟರು. ಹಾಗೆ ಮಾಡಬಾರದು ಎಂದು ನಾನು ಹೇಳುವಷ್ಟರಲ್ಲಿ ಮುಗಿದಿತ್ತು.

ಸ್ವಲ್ಪ ಹೊತ್ತಿಗೆ ನನ್ನ ಟೇಬಲ್ಲಿನ ಮುಂದೆ ಆರಡಿ ಎತ್ತರದ ಬಿಳಿ ಸಾಹೇಬನೊಬ್ಬ ಬಂದು ನಿಂತ. ಹೆಗಲಿಗೆ ಕ್ಯಾಮೆರಾ, ಎಡಗೈ ಬೆರಳಿಗೆ ನಮ್ಮ ಶಾಯಿ. ಗುಹೆ ನೋಡಲು ಬಂದವನು, ಇದು ಟಿಕೀಟಿನ ಪಾಳಿ ಎಂದು ತಿಳಿದು ಒಂದು ತಾಸಿನಿಂದ ಬಿಸಿಲಲ್ಲಿ ನಿಂತಿದ್ದನಂತೆ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ, ಗುಡ್ಡದ ಕಡೆ ಕೈ ತೋರಿಸಿ ಕಳಿಸಿದೆ. ಅವನು ಭಾಳ ಸಂತೋಷದಿಂದ ಹೋದ.

ಸಂಜೆ ಗುಹೆಯ ಬಾಗಿಲು ಕಾಯುವವನು ಓಟು ಹಾಕಲು ಬಂದ. ಸಾಹೇಬ ಬಂದಿದ್ದನೇ ಎಂದು ಕೇಳಿದೆ.

"ಬಂದಿದ್ರಿ. ಟಿಕೀಟ ಎಲ್ಲೈತಿ ಅಂದೆ, ಬೊಟ್ಟು ತೋರಿಸಿದ. ಸರಕಾರದ ಶಿಕ್ಕಾ ಇತ್ತಲ್ರಿ, ಒಳಗ ಬಿಟ್ಟೆ" ಎಂದ.

ಆರು ಮಂದಿಗೆ ಕೊಟ್ಟ ಮಾತು

ಹುನಗುಂದ ತಾಲೂಕಿನ ಮರೋಳದ ಕಡೆಯ ಒಂದು ಮತಗಟ್ಟೆ. ಮಧ್ಯಾಹ್ನ ಕುರಿ ಕಾಯುವ ಮುದುಕರೊಬ್ಬರು ಬಂದರು. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪನ ಭಂಡಾರದ ಅರಿಷಿಣ. ಚೀಟಿ ತಗೊಂಡು ಮತ ಹಾಕುವ ಮರೆಗೆ ಹೋದರು. ಒಳಗಿನಿಂದ ಓಟಿಗೆ ಮುದ್ರೆ ಒತ್ತುವ ಠಸ್ಸೆಯ ಸದ್ದು ಬಂತು. ನಾವು ಬರೆಯುವುದು ಬಿಟ್ಟು ಕೇಳುತ್ತ ಕೂತೆವು. ಒಂದು, ಎರಡು, ಮೂರು... ಆರಕ್ಕೆ ನಿಂತಿತು. ಆ ಸಲ ಕಣದಲ್ಲಿದ್ದವರೂ ಆರೇ ಮಂದಿ.

ಅವರು ಹೊರಗೆ ಬಂದಾಗ ತಡೆದು ಹೇಳಿದೆ: ಎಲ್ಲರಿಗೂ ಹೊಡೆದರೆ ಓಟು ರದ್ದಾಗುತ್ತದೆ, ಆ ಚೀಟಿ ಕೊಡಿ, ಬೇರೆ ಕೊಡುತ್ತೇನೆ, ಒಬ್ಬರಿಗೇ ಹಾಕಿ. ಮುದುಕರು ಚೀಟಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಆರೂ ಮಂದಿ ಕುರಿಹಟ್ಟಿಗೆ ಬಂದಿದ್ದರಂತೆ. ಆರೂ ಮಂದಿಗೆ ಇವರು ಭಂಡಾರ ಮುಟ್ಟಿ, ನಿಮಗೇ ಓಟು ಹಾಕುತ್ತೇನೆ ಎಂದು ಆಣೆ ಮಾಡಿದ್ದರಂತೆ. ಈಗ ಒಬ್ಬನಿಗೆ ಹಾಕಿ ಐದು ಮಂದಿಗೆ ಸುಳ್ಳಾಗಲೇ ಎಂಬುದು ಅವರ ಪ್ರಶ್ನೆ.

ಮುದುಕರು ನನ್ನ ಉತ್ತರಕ್ಕೆ ಕಾಯಲಿಲ್ಲ. ಚೀಟಿಯನ್ನು ಮಡಚಿ ಪೆಟ್ಟಿಗೆಯಲ್ಲಿ ಹಾಕಿ, ಕಂಬಳಿ ಸರಿಮಾಡಿಕೊಂಡು ಅಂದರು:

"ನಾ ಆರು ಮಂದಿಗೆ ಕೊಟ್ಟ ಮಾತು ಉಳಿಸೇನ್ರಿ ಮಾಸ್ತರ. ಅವರಾಗ ಒಬ್ಬಾವ ಉಳಿಸಿದ್ರ ಸಾಕು."

ಹತ್ತು ಬೆರಳು

ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರ ಓಣಿ. ಒಬ್ಬ ಬಣ್ಣಗಾರ ಕೆಲಸ ಬಿಟ್ಟು ನೆಟ್ಟಗೆ ಓಟಿಗೆ ಬಂದಿದ್ದ. ಎರಡೂ ಕೈ ಮಣಿಕಟ್ಟಿನ ತನಕ ಕಡುನೀಲಿ. ಒಂದು ಪಕ್ಷದ ಏಜೆಂಟ ಎದ್ದು ನಿಂತು, ಇವನು ಈಗಾಗಲೇ ಓಟು ಹಾಕಿದ್ದಾನೆ, ಬೆರಳು ನೋಡಿರಿ ಎಂದ. ಎದುರು ಪಕ್ಷದವನು, ಹತ್ತೂ ಬೆರಳಿಗೆ ಬಣ್ಣ ಇದೆಯಲ್ಲ, ಹಾಗಾದರೆ ಹತ್ತು ಸಲ ಹಾಕಿದ್ದಾನೇನು ಎಂದ. ಹಾಕಿರಬಹುದು, ಯಾರಿಗೆ ಗೊತ್ತು, ಎಂದ ಮೊದಲಿನವನು.

ಸೋಪು ತರಿಸಿ ತೊಳೆಸಿದೆ. ಸೋಪು ನೀಲಿಯಾಯಿತು, ಕೈ ಹಾಗೇ ಇತ್ತು. ಕೊನೆಗೆ ಓಣಿಯ ಹಿರಿಯರೊಬ್ಬರು ಬಂದು, ಇವನ ಅಪ್ಪನ ಕೈಯೂ ಹೀಗೇ ಇತ್ತು ಎಂದು ಸಾಕ್ಷಿ ಹೇಳಿದ ಮೇಲೆ ಎಲ್ಲರೂ ಒಪ್ಪಿದರು. ನಿಯಮಕ್ಕಾಗಿ ಆ ನೀಲಿಯ ಮೇಲೆಯೇ ನಮ್ಮ ಶಾಯಿ ಹಚ್ಚಿದೆವು. ಹಚ್ಚಿದ್ದು ಕಾಣಲೂ ಇಲ್ಲ.

ಬಣ್ಣಗಾರ ಹೋಗುವಾಗ ಶಾಯಿ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಇದು ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳಿದ. ಹದಿನೈದು ಇಪ್ಪತ್ತು ದಿನ ಎಂದೆ.

"ಕಚ್ಚಾ ಬಣ್ಣ ಐತ್ರಿ ಇದು. ಮುಂದಿನ ಇಲೆಕ್ಷನ್ನಿಗೆ ನಮಗ ಹೇಳ್ರಿ."

ಹೇಳಬಾರದ ಹೆಸರು

ಬಾಗಲಕೋಟೆಯ ಹಳೇ ಊರಿನ ಒಂದು ಓಣಿಯ ಮತಗಟ್ಟೆ. ಆ ಸಲ ಒಬ್ಬ ಅಭ್ಯರ್ಥಿ ಸೋತದ್ದಕ್ಕೆ ಜನ ಹತ್ತು ಕಾರಣ ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದು ಒಂದು.

ಆ ಅಭ್ಯರ್ಥಿಯ ಹೆಸರು ನಮ್ಮ ಸೀಮೆಯಲ್ಲಿ ಮನೆಗೊಬ್ಬರಿಗೆ ಇರುವಂಥದು. ಅವರ ಏಜೆಂಟರಾಗಿ ಕೂತಿದ್ದ ಅರಿವೆ ಅಂಗಡಿಯ ಯಜಮಾನರದೂ ಅದೇ ಹೆಸರು. ಒಂದು ತಿಂಗಳು ಅಂಗಡಿ ಮುಚ್ಚಿ ಪ್ರಚಾರ ಮಾಡಿದ್ದರು. ಈ ಓಣಿಯ ಹೆಣ್ಣುಮಕ್ಕಳ ಓಟು ಪೂರಾ ನಮ್ಮವೇ, ಒಂದೂ ಆಚೆ ಹೋಗುವುದಿಲ್ಲ ಎಂದು ಅಭ್ಯರ್ಥಿಗೆ ಖಾತ್ರಿ ಕೊಟ್ಟಿದ್ದರು.

ಮಧ್ಯಾಹ್ನ ಹೆಂಗಸರ ಪಾಳಿ ಬಂತು. ಮೊದಲಿಗರೇ ಅವರ ಹೆಂಡತಿ. ಪಟ್ಟಿ ನೋಡುವವರು ವಾಡಿಕೆಯಂತೆ ಗಂಡನ ಹೆಸರು ಕೇಳಿದರು. ಆಕೆ ಸೆರಗು ಎಳೆದುಕೊಂಡು ಸುಮ್ಮನೆ ನಿಂತರು. "ನಮ್ಮ ಮನಿಯವರು, ಬರಕೋರಿ" ಎಂದು ಏಜೆಂಟರೇ ನಗುತ್ತ ಹೇಳಿದರು.

ಆಕೆ ಒಳಗೆ ಹೋಗಿ ಭಾಳ ಹೊತ್ತಾದರೂ ಬರಲಿಲ್ಲ. ಆಮೇಲೆ ಮರೆಯಿಂದಲೇ ಮುಖ ಹೊರಗೆ ಹಾಕಿ, ಠಸ್ಸೆಯನ್ನು ಹೆಸರಿನ ಮೇಲೆಯೇ ಹೊಡೆಯಬೇಕೇ ಎಂದು ನನ್ನನ್ನು ಕೇಳಿದರು. ಚಿಹ್ನೆಯ ಮೇಲೆ ಹೊಡೆದರೂ ನಡೆಯುತ್ತದೆ ಎಂದೆ.

"ಚೀಟ್ಯಾಗ ಹೆಸರು, ಚಿತ್ರ ಎರಡೂ ಒಂದಽ ಚೌಕದಾಗ ಅದಾವಲ್ರಿ" ಎಂದು ಮತ್ತೆ ಒಳಗೆ ಹೋದರು. ಆಕೆ ಓದು ಕಲಿತವರು. ಅದೇ ತೊಡಕಾಗಿತ್ತು.

ಕೊನೆಗೆ ಠಸ್ಸೆಯ ಸದ್ದಾಯಿತು. ಚೀಟಿ ಪೆಟ್ಟಿಗೆಗೆ ಬಿತ್ತು. ಹೊರಗೆ ಹೋಗುವಾಗ ಗಂಡನ ಹತ್ತಿರ ನಿಂತು, ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು:

"ಕಾಳಜಿ ಮಾಡಬ್ಯಾಡ್ರಿ. ನಿಮ್ಮ ಹೆಸರಿಗೆ ಬಡೀಲಿಲ್ಲ ನಾ. ತಳಗ ಇನ್ನೊಂದಿತ್ತು, ಅದಕ್ಕ ಬಡದೆ."

ಮಾತು ಪಾಳಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಅದುವರೆಗೆ ಯಾರಿಗೂ ಹೊಳೆಯದಿದ್ದ ಸಂಕಟ ಈಗ ಎಲ್ಲರಿಗೂ ಹೊಳೆಯಿತು. ಎರಡನೆಯವರ ಮಾವನದು ಅದೇ ಹೆಸರು. ಮೂರನೆಯವರ ಭಾವನದು. ನಾಲ್ಕನೆಯವರ ಗಂಡನದು. ಬಾಯಿಂದ ಹೇಳಬಾರದ ಹೆಸರಿಗೆ ಠಸ್ಸೆ ಬಡಿಯುವುದೆಂದರೇನು? ಪಾಳಿಯಲ್ಲೇ ಪಿಸುಪಿಸು ವಿಚಾರವಾಯಿತು. ಒಬ್ಬೊಬ್ಬರೇ ಒಳಗೆ ಹೋದರು, ಭಾಳ ಮರ್ಯಾದೆಯಿಂದ ಹೊರಗೆ ಬಂದರು.

ಏಜೆಂಟರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಎದುರು ಪಕ್ಷದ ಏಜೆಂಟ ಎದ್ದು ಹೋಗಿ ಹೆಂಗಸರಿಗೆ ಕುಡಿಯಲು ನೀರಿನ ವ್ಯವಸ್ಥೆ ಮಾಡತೊಡಗಿದ. ಅರಿವೆ ಅಂಗಡಿಯವರು ಗೋಡೆಯ ಗಡಿಯಾರ ನೋಡಿದರು, ಪಾಳಿ ನೋಡಿದರು, ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಮಾಸ್ತರ, ಇನ್ನೂ ಎರಡು ತಾಸು ಟೈಮ್ ಐತಿ. ನಮ್ಮ ಕ್ಯಾಂಡಿಡೇಟರ ಹೆಸರು ಬದಲಿ ಮಾಡಾಕ ಏನರ ದಾರಿ ಐತೇನ್ರಿ?"